ನೀರಿನ ಗುಂಪಿಗೆ ನಾನು ಕಲಿಸಿದ ಕಾಗುಣಿತ

ನನ್ನಲ್ಲಿ ದುರ್ಗುಣಗಳೇ ಇಲ್ಲ ಎಂದು ನಾನು ಯಾವತ್ತೂ ಹೇಳಿಕೊಂಡವಳಲ್ಲ. ಹಾಗೆ ಹೇಳಿಕೊಳ್ಳುವುದೇ ಒಂದು ದುರ್ಗುಣ. ಎಷ್ಟು ಹುಡುಕಿದರೂ ಒಂದೂ ಸಿಕ್ಕಿರಲಿಲ್ಲ ಎಂಬುದು ಬೇರೆ ವಿಷಯ. ಕಳೆದ ಬೇಸಿಗೆಯಲ್ಲಿ ನಮ್ಮ ಬಡಾವಣೆಯವರೆಲ್ಲ ಸೇರಿ ಹುಡುಕಿಕೊಟ್ಟರು!

ಕಡೂರಿನ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿಯಿದೆ. ಯಗಟಿಯಿಂದ, ಸಿಂಗಟಗೆರೆಯಿಂದ ಬೆಳಗಿನ ಬಸ್ಸಿಗೆ ಬಂದವರು ನನ್ನ ಬೆಂಚಿನ ಮೇಲೆ ಕೂತು ಕಷ್ಟ ಹೇಳಿಕೊಳ್ಳುತ್ತಾರೆ. ನಾನು ಆ ಕಷ್ಟವನ್ನು 'ಮಾನ್ಯರೇ' ಎಂದು ಶುರುಮಾಡಿ 'ತಮ್ಮ ವಿಶ್ವಾಸಿ' ಎಂದು ಮುಗಿಸುತ್ತೇನೆ. ನಡುವೆ 'ಸದರಿ', 'ಮೇಲ್ಕಂಡ', 'ವಿನಂತಿಸಿಕೊಳ್ಳುವುದೇನೆಂದರೆ' ಎಂಬ ಒಗ್ಗರಣೆ ಬೀಳುತ್ತದೆ. ನನ್ನ ಕೈಯಿಂದ ಹೋದ ಅರ್ಜಿಯಲ್ಲಿ ಒಂದು ದೀರ್ಘ ತಪ್ಪಿದ್ದನ್ನು ಯಾವ ಅಮಲ್ದಾರರೂ ಕಂಡಿಲ್ಲ. ಇದು ಜಂಬವಲ್ಲ. ಸರಿ, ಸ್ವಲ್ಪ ಜಂಬ.

ಅಕ್ಷರದ ಮೇಲೆ ನನಗೆ ಈ ಪಾಟಿ ಭಯಭಕ್ತಿ ಸುಮ್ಮನೆ ಬಂದದ್ದಲ್ಲ. ಒಮ್ಮೆ ಕರಿಯಪ್ಪ ಎಂಬ ಹಿರಿಯರೊಬ್ಬರು ಅಂಗಡಿಗೆ ಬಂದರು. ಅವರ ಮೊಮ್ಮಗಳ ಗಂಡ ಮನೆಯಲ್ಲೇ ಕೂತು ಬರೆದುಕೊಟ್ಟ ಅರ್ಜಿಯಲ್ಲಿ ಹೆಸರಿನ ಮೊದಲಕ್ಷರಕ್ಕೆ ಒಂದು ಕೊಂಬು ಜಾಸ್ತಿ ಬಿದ್ದು ಅವರು ಕುರಿಯಪ್ಪ ಆಗಿಬಿಟ್ಟಿದ್ದರು. ತಾನು ಕುರಿಯಲ್ಲ, ಕರಿ ಎಂದು ಸಾಬೀತು ಮಾಡಲು ಪಾಪ ಆ ಮನುಷ್ಯ ಆರು ತಿಂಗಳು ಅಲೆದರು. ಕಾಗದ ಸರಿಮಾಡಿಕೊಟ್ಟ ದಿನ ನನ್ನ ಕೈ ಹಿಡಿದು, "ನನ್ನ ಹೆಸರು ನಂಗೆ ವಾಪಸ್ ಕೊಡಿಸ್ದೆ ಕಣವ್ವ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅಂದಿನಿಂದ ನನಗೆ ತಪ್ಪು ಕಾಗುಣಿತ ಕಂಡರೆ ಸುಮ್ಮನಿರಲಾಗದು. ಮದುವೆ ಕಾಗದ ಬಂದರೆ ಮೊದಲು ತಿದ್ದಿ, ಆಮೇಲೆ ಯಾರ ಮದುವೆ ಎಂದು ನೋಡುತ್ತೇನೆ.

ಇಂಥ ನನ್ನನ್ನು ನಮ್ಮ ಬಡಾವಣೆಯ ನೀರಿನ ಗುಂಪಿಗೆ ಸೇರಿಸಿದರು. ತಪ್ಪು ಯಾರದು, ನೀವೇ ಹೇಳಿ!

ನಮ್ಮಲ್ಲಿ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಯಾವ ಹೊತ್ತಿಗೆ ಎಂಬುದು ಕರೆಂಟಿಗೂ ಭದ್ರೆಗೂ ಬಿಟ್ಟ ವಿಚಾರ. ಬಂದ ಹೊತ್ತಿಗೆ ನಲ್ಲಿ ತಿರುಗಿಸಿ ಸಂಪು, ಡ್ರಮ್ಮು, ಬಿಂದಿಗೆ ತುಂಬಿಸಿಕೊಂಡವರು ಬದುಕಿದರು. ಇಲ್ಲದವರು ಇನ್ನು ನಾಲ್ಕು ದಿನ ಕಾಯಬೇಕು. ಅದಕ್ಕೇ ನಮ್ಮ ಎದುರುಮನೆಯ ನರ್ಸ್ ಪ್ರಮೀಳಾ 'ನೀರು ಬಂತು' ಎಂಬ ವಾಟ್ಸಾಪ್ ಗುಂಪು ಮಾಡಿದಳು. ವಾಲ್ವ್ ತಿರುಗಿಸುವ ನೀರುಗಂಟಿ ರಂಗಪ್ಪ ಯಾವ ಕ್ರಾಸಿಗೆ ನೀರು ಬಿಟ್ಟೆ ಎಂದು ಅದರಲ್ಲಿ ಬರೆಯಬೇಕು, ನಾವು ಓದಿಕೊಂಡು ಓಡಬೇಕು. ಅಷ್ಟೇ ವ್ಯವಹಾರ. ಅರವತ್ತರ ಹತ್ತಿರದ ರಂಗಪ್ಪ ಮೊದಲ ದಿನ ಬರೆದ:

'ಎರಡ್ನೆ ಕ್ರಸ್ ನಿರು ಬಿಟಿದಿನಿ ಹಿಡ್ಕಳಿ'

ನಾನು ತಕ್ಷಣ ಒಂದೊಂದು ಪದದ ಮೊದಲಿಗೂ ತಿದ್ದುಪಡಿಯ ನಕ್ಷತ್ರ ಹಾಕಿ ಬರೆದೆ: '*ಎರಡನೇ *ಕ್ರಾಸ್ *ನೀರು *ಬಿಟ್ಟಿದ್ದೇನೆ *ಹಿಡಿದುಕೊಳ್ಳಿ'.

ಐದು ಪದ, ಐದು ತಿದ್ದುಪಡಿ! ಅಂಗಡಿಯಲ್ಲಾದರೆ ಕಾಸು ಕೇಳುತ್ತಿದ್ದೆ. ಗುಂಪಿಗೆ ಉಚಿತ ಸೇವೆ.

ಸೇವೆ ವಿಸ್ತರಿಸಿತು. ಪಕ್ಕದ ಮನೆಯ ಜಯಮ್ಮ ಒಂದು ದಿನ ಗಾಬರಿಯಲ್ಲಿ, 'ಬೀಗರು ಬಂದವ್ರೆ, ಸ್ಥಾನಕ್ಕೆ ಏನ್ ಮಾಡ್ಲಿ' ಎಂದು ಬರೆದರು. ನಾನು, 'ಸ್ನಾನ ಎಂದಾಗಬೇಕು. ಸ್ಥಾನ ಎಂದರೆ ಜಾಗ' ಎಂದು ತಿಳಿಸಿದೆ. ಜಯಮ್ಮ ತಿರುಗಿ ಬರೆದರು: 'ಜಾಗ ಐತೆ ಕಣ್ರೀ, ನೀರಿಲ್ಲ!'

ಹೀಗೆ ಕನ್ನಡದ ಸೇವೆ ನಡೆಯುತ್ತಿರಲು ಒಂದು ಮಧ್ಯಾಹ್ನ ರಂಗಪ್ಪ ಬರೆದ: 'ಮೋಟರ್ ಆಳಾಗಿದೆ ಇವತ್ ನಿರು ಇಲ್ಲ'.

ನಮ್ಮ ಕಡೆ 'ಹ'ಕಾರಕ್ಕೂ 'ಅ'ಕಾರಕ್ಕೂ ಆಗಾಗ ಅದಲುಬದಲು ನಡೆಯುತ್ತಿರುತ್ತದೆ. ಅದು ಗೊತ್ತಿದ್ದೂ ನನ್ನ ಬೆರಳು ನಿಲ್ಲಲಿಲ್ಲ. 'ಮೋಟರ್ ಯಾರ ಮನೆಗೆ ಆಳಾಗಿದೆ? ಸಂಬಳ ಎಷ್ಟಂತೆ?' ಎಂದು ಕೇಳಿದೆ.

ಗುಂಪಿನ ತುಂಬ ನಗುವ ಮುಖಗಳು ಉದುರಿದವು. ಎಣಿಸಿದೆ, ಇಪ್ಪತ್ತಮೂರು! ನನ್ನ ಇಷ್ಟು ವರ್ಷದ ಅರ್ಜಿಗಳಿಗೆ ಯಾರೂ ನಕ್ಕಿರಲಿಲ್ಲ. ಆ ದಿನವೆಲ್ಲ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ಅಲ್ಲಿಂದ ರಂಗಪ್ಪನ ಕನ್ನಡ ಭರದಿಂದ ಸುಧಾರಿಸಿತು. ಮೊದಲು ಐದು ಪದಕ್ಕೆ ಐದು ತಪ್ಪು ಮಾಡುತ್ತಿದ್ದವನು ಮೂರು ಪದ ಬರೆಯತೊಡಗಿದ. ಆಮೇಲೆ ಬರೀ '2' ಎಂದು ಹಾಕಿದ. ಆಮೇಲೆ ಒಂದು ನಲ್ಲಿಯ ಚಿತ್ರ. "ನೋಡಿ, ಒಂದು ತಿಂಗಳಲ್ಲಿ ಆ ಮನುಷ್ಯನ ತಪ್ಪು ಸೊನ್ನೆಗೆ ಇಳಿಸಿದೆ" ಎಂದು ನಮ್ಮ ಯಜಮಾನರಿಗೆ ತೋರಿಸಿದೆ.

ನಮ್ಮ ಯಜಮಾನರು ಕಡೂರು, ತರೀಕೆರೆ, ಅಜ್ಜಂಪುರದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. 'ಹೋಲ್ಡಾನ್' ಮತ್ತು 'ರೈಟ್' ಎಂಬ ಎರಡು ಮಾತುಗಳಲ್ಲಿ ಜೀವಮಾನದ ಕೆಲಸ ಮುಗಿಸಿದವರು. ಗುಂಡಿ ಒತ್ತುವ ಹಳೆಯ ಫೋನು ಬಿಟ್ಟು ಇನ್ನೊಂದನ್ನು ಮುಟ್ಟಿದವರಲ್ಲ. ನನ್ನ ಫೋನು ಇಸಿದುಕೊಂಡು ನೋಡಿ, "ಮಾತೇ ಇಲ್ದಿದ್ಮೇಲೆ ತಪ್ಪೆಲ್ಲಿಂದ ಬರುತ್ತೆ ಕಣೇ?" ಎಂದರು.

ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಪುರಸೊತ್ತೂ ಇರಲಿಲ್ಲ. ಆ ಹೊತ್ತಿಗೆ ಮೂರನೇ ಕ್ರಾಸಿನವರೊಬ್ಬರು 'ದನ್ಯವಾದ' ಎಂದು ಬರೆದಿದ್ದರು!

ಮರುದಿನ ಪ್ರಮೀಳಾಳಿಂದ ಸಂದೇಶ ಬಂತು. ಗುಂಪಿಗಲ್ಲ, ನನಗೊಬ್ಬಳಿಗೇ.

'ಗಿರಿಜಕ್ಕ, ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಗುಂಪಲ್ಲಿ ಕಾಗುಣಿತ ತಿದ್ದೋದು ನಿಲ್ಲಿಸ್ತೀರಾ? ರಂಗಪ್ಪಣ್ಣಂಗೆ ಬರೆಯೋಕೆ ಹಿಂಜರಿಕೆ ಆಗ್ತಿದೆ ಅನ್ಸುತ್ತೆ.'

ಎಷ್ಟು ಮೆತ್ತಗೆ ಹೇಳಿದ್ದಳು! ಇಂಜೆಕ್ಷನ್ ಕೊಡುವವಳ ಕೈ ಹಗುರವಿರುತ್ತದೆ. ನನಗೆ ಮಾತ್ರ ದಬ್ಬಳದಿಂದ ಚುಚ್ಚಿದಂತಾಯಿತು. ಕಿವಿ ಬಿಸಿಯಾಯಿತು.

"ನೋಡಿದ್ರಾ? ನನ್ನ ಬಾಯಿ ಮುಚ್ಚಿಸೋಕೆ ಬಂದಿದಾಳೆ!" ಎಂದು ಯಜಮಾನರ ಮುಖಕ್ಕೆ ಫೋನು ಹಿಡಿದೆ.

ಅವರು ಓದಿದರು. "ಸರಿ ಅಂತ ಬರ್ದಾಕು. ಮುಗೀತು."

"ಅದ್ಹೆಂಗ್ ಮುಗಿಯುತ್ತೆ? ನನ್ನ ಕಡೆ ನ್ಯಾಯ ಇಲ್ವೇನ್ರೀ?"

"ಐತೆ. ಅದು ಒಳಗೇ ಇರ್ಲಿ."

"ಅಂದ್ರೆ?"

ಅವರು ಅಪರೂಪಕ್ಕೆ ನಾಲ್ಕು ಮಾತಾಡಿದರು. "ನಾನು ಬಸ್ಸಲ್ಲಿ ದಿನಾ ನೋಡಿದೀನಿ ಕಣೇ. 'ಬಾಗ್ಲಲ್ಲಿ ನಿಲ್ಬೇಡಿ, ಸ್ವಲ್ಪ ಒಳಗೆ ಹೋಗಿ' ಅಂತೀನಿ. ಒಬ್ಬ ಹೋಗ್ತಾನೆ. ಇನ್ನೊಬ್ಬ 'ನಾನೇ ಯಾಕ್ ಹೋಗ್ಲಿ, ಅವ್ರಿಗೆ ಹೇಳಿ' ಅಂತ ತರೀಕೆರೆ ತನಕ ನಿಂತ್ಕೊಂಡೇ ವಾದ ಮಾಡ್ತಾನೆ. ಒಳಗೆ ಹೋದವನಿಗೆ ಬೀರೂರಲ್ಲೇ ಸೀಟ್ ಸಿಕ್ಕಿರುತ್ತೆ."

ನಾನು ವಾದ ಮಾಡುವವರ ಪಕ್ಷ! ಅಂಗಡಿಗೆ ಹೋದವಳೇ ಕಂಪ್ಯೂಟರಿನ ಮುಂದೆ ಕೂತು ಬೆರಳು ನೆಟಿಗೆ ತೆಗೆದೆ. ಇಷ್ಟು ವರ್ಷ ಊರವರ ನ್ಯಾಯಕ್ಕೆ ಅರ್ಜಿ ಹೊಡೆದವಳು, ನನ್ನ ನ್ಯಾಯಕ್ಕೆ ಒಂದು ಹೊಡೆಯಬಾರದೇ? ಹೊಡೆದೆ. ಪ್ರಮೀಳಾ ಗುಟ್ಟಾಗಿ ಹೇಳಿದ್ದಕ್ಕೆ ನಾನು ಇಡೀ ಗುಂಪಿಗೆ ಉತ್ತರ ಹಾಕಿದೆ.

'ಇವರಿಗೆ, ಗೊರವಾನ್ವಿತ ಸದಸ್ಯರು, ನೀರು ಬಂತು ಗುಂಪು. ಮಾನ್ಯರೇ, ವಿಷಯ: ನೀರುಗಂಟಿಯವರ ಬರವಣಿಗೆಯಲ್ಲಿನ ಲೋಪದೋಷಗಳ ಬಗ್ಗೆ ಹಾಗೂ ಸದರಿ ಲೋಪಗಳನ್ನು ತಿದ್ದದಂತೆ ನನಗೆ ಸೂಚಿಸಿರುವುದರ ವಿರುದ್ಧ ಆಕ್ಷೇಪಣೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...'

ಒಟ್ಟು ಹದಿನಾಲ್ಕು ಅಂಶಗಳು. ಕರಿಯಪ್ಪನವರ ಕಥೆ ಏಳನೇ ಅಂಶದಲ್ಲಿ ಬರುತ್ತಿತ್ತು. ಕಳಿಸಿ, ಕುರ್ಚಿಗೆ ಒರಗಿ, ಜಯಘೋಷಕ್ಕೆ ಕಾದೆ.

ಎರಡು ನಿಮಿಷಕ್ಕೆ ಜಯಮ್ಮನ ಉತ್ತರ ಬಂತು. ಒಂದೇ ಪದ.

'*ಗೌರವಾನ್ವಿತ'

ನಾನು ಮೇಲೆ ಕೆಳಗೆ ನೋಡಿದೆ. ಹೌದು! ಅವಸರದಲ್ಲಿ ಇಡೀ ಬಡಾವಣೆಯವರನ್ನು ಗೊರವರನ್ನಾಗಿ ಮಾಡಿದ್ದೆ. ಡಮರುಗವೊಂದು ಬಾಕಿ! ಈ ಸಲ ನಗುವ ಮುಖಗಳನ್ನು ಎಣಿಸುವ ಧೈರ್ಯವಾಗಲಿಲ್ಲ. ಎಣಿಸಿದೆ. ಮೂವತ್ತೊಂದು.

ಇಲ್ಲಿಗಾದರೂ ನಿಲ್ಲಿಸಬಹುದಿತ್ತು. 'ಹೌದು, ನನ್ನದೂ ತಪ್ಪಾಯ್ತು' ಎಂದು ನಕ್ಕಿದ್ದರೆ ಎಲ್ಲರೂ ಜೊತೆಗೆ ನಗುತ್ತಿದ್ದರು. ಆದರೆ ಕೆಸರಲ್ಲಿ ಕಾಲಿಟ್ಟವಳಿಗೆ ಇನ್ನೊಂದು ಕಾಲೂ ಇದೆಯಲ್ಲ! 'ನನ್ನೊಬ್ಬಳನ್ನೇ ಯಾಕೆ ಹಿಡಿದುಕೊಂಡಿದ್ದೀರಿ? ನೀರಿನ ಗುಂಪಿನಲ್ಲಿ ದಿನಾ ಶುಭೋದಯದ ಹೂವು ಹಾಕುವವರು ಯಾರು? ಮೊಮ್ಮಗನ ಹಲ್ಲಿನ ಫೋಟೋ ಹಾಕಿದವರು ಯಾರು? ಹಲಸಿನಹಣ್ಣು ಮಾರಾಟಕ್ಕಿದೆ ಎಂದವರು ಯಾರು?' ಎಂದು ಹೆಸರು ಸಮೇತ ಪಟ್ಟಿ ಹಾಕಿದೆ. ಅದುವರೆಗೆ ನನ್ನ ಪರವಾಗಿದ್ದ ಐದಾರು ಜನರೂ ಆ ಪಟ್ಟಿಯಲ್ಲಿ ತಮ್ಮ ಹೆಸರು ಓದಿಕೊಂಡು ತಣ್ಣಗಾದರು. ಗುಂಪು ಸ್ಮಶಾನದಂತೆ ಮೌನವಾಯಿತು.

ಆ ಮೌನ ತಡೆಯಲಾಗಲಿಲ್ಲ. 'ಗುಣಕ್ಕೆ ಬೆಲೆಯಿಲ್ಲದ ಕಡೆ ಇರಲಾರೆ' ಎಂದು ಬರೆದು ಗುಂಪಿನಿಂದ ಹೊರಬಿದ್ದೆ.

ಹೊರಗೆ ಬಂದವಳು ಫೋನನ್ನು ಎದುರಿಗಿಟ್ಟುಕೊಂಡು ಕೂತೆ. ಈಗ ಪ್ರಮೀಳಾ ಕರೆ ಮಾಡುತ್ತಾಳೆ, ಅಕ್ಕ ದಯವಿಟ್ಟು ಬನ್ನಿ ಎನ್ನುತ್ತಾಳೆ, ಎರಡು ಸಲ ಬೇಡ ಎಂದು ಮೂರನೇ ಸಲ ಒಪ್ಪಿಕೊಳ್ಳುವುದು ಎಂದು ತೀರ್ಮಾನಿಸಿದ್ದೆ. ಸಂಜೆಯವರೆಗೆ ಒಂದೇ ಕರೆ ಬಂತು. ಸಾಲ ಬೇಕೇ ಎಂದು ಕೇಳುವ ಕಂಪನಿಯವಳು.

ಇನ್ನೊಂದು ಸಣ್ಣ ಸಂಗತಿಯನ್ನು ನಾನು ಯೋಚಿಸಿರಲಿಲ್ಲ. ಗುಂಪು ಬಿಟ್ಟರೆ ನೀರು ಬಂದದ್ದು ಹೇಗೆ ಗೊತ್ತಾಗಬೇಕು? ನಾನು ಅಂಗಡಿಯಲ್ಲಿ, ಯಜಮಾನರು ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಗೆಳೆಯರ ಜೊತೆ ಇದ್ದಾಗ ನೀರು ಬಂದು ಹೋಯಿತು. ನಾಲ್ಕು ದಿನ ಕಾದೆವು. ಮತ್ತೆ ನಾವಿಲ್ಲದ ಹೊತ್ತಿಗೇ ಬಂದು ಹೋಯಿತು! ಸಂಪಿನ ತಳ ಕಂಡಿತು. ಯಜಮಾನರು ಒಂದು ಚೊಂಬು ನೀರಿನಲ್ಲಿ ಮುಖ, ಕೈ, ಕಾಲು ಮೂರನ್ನೂ ತೊಳೆದು, ಉಳಿದದ್ದನ್ನು ಕರಿಬೇವಿನ ಗಿಡಕ್ಕೆ ಹಾಕಿ ನನ್ನ ಮುಖ ನೋಡಿದರು. ಬೈದಿದ್ದರೆ ವಾಸಿಯಿತ್ತು.

ಕೊಳೆ ಬಟ್ಟೆ ಎರಡು ಚೀಲ ತುಂಬಿಕೊಂಡು ಅಜ್ಜಂಪುರದ ನನ್ನ ತಂಗಿಯ ಮನೆಗೆ ಹೊರಟೆ. ಅವರ ಮನೆಯಲ್ಲಿ ಬೋರ್‌ವೆಲ್ ಇದೆ. ಬಸ್ಸಿನಲ್ಲಿ ಯಜಮಾನರ ಜೊತೆ ಕೆಲಸ ಮಾಡಿದ್ದ ತರೀಕೆರೆಯ ಡ್ರೈವರೊಬ್ಬರು ಸಿಕ್ಕಿ, ದೊಡ್ಡದಾಗಿ ನಮಸ್ಕಾರ ಮಾಡಿ, "ಏನು ಗೊರವಾನ್ವಿತ ಅತ್ತಿಗೆ, ಚೆನ್ನಾಗಿದೀರಾ?" ಎಂದರು.

ನನ್ನ ಅರ್ಜಿ ಫೋಟೋ ಆಗಿ ತರೀಕೆರೆ ತಲುಪಿತ್ತು! ಅಜ್ಜಂಪುರಕ್ಕೆ ನನಗಿಂತ ಮುಂಚೆ ತಲುಪಿತ್ತು. ತಂಗಿ ಬಾಗಿಲಲ್ಲೇ ನಿಂತು ನನ್ನ ಚೀಲಗಳನ್ನು ನೋಡಿ, "ಅಕ್ಕಾ, ಹದಿನಾಲ್ಕು ಪಾಯಿಂಟ್ ಬರ್ಯೋ ಬದ್ಲು 'ಆಯ್ತಮ್ಮ' ಅಂದಿದ್ರೆ ಮನೇಲೇ ಬಟ್ಟೆ ಒಗೀಬೋದಿತ್ತಲ್ಲೇ" ಎಂದಳು. ಒಡಹುಟ್ಟಿದವರು ಹೀಗೆ! ನಾನು ಬಟ್ಟೆ ಒಗೆದೆ. ಬಟ್ಟೆಗಳಿಗೆ ಅಂದು ಸ್ವಲ್ಪ ಜೋರಾಗಿಯೇ ಏಟು ಬಿತ್ತು.

ಮರುದಿನ ಬೆಳಗ್ಗೆ ಕಡೂರಿಗೆ ಬಂದು ಮನೆಯ ಬೀಗ ತೆಗೆಯುತ್ತಿದ್ದೆ. ಜಯಮ್ಮ ಎರಡು ಖಾಲಿ ಕೊಡ ಹಿಡಿದು ಗೇಟಿಗೆ ಬಂದರು. ಕಣ್ಣು ಕೆಂಪಾಗಿತ್ತು.

"ನಿಮ್ಮನೇಲಿ ಎರಡು ಕೊಡ ನೀರೈತಾ ಗಿರಿಜಮ್ಮ? ಮಗಳ ನಿಶ್ಚಿತಾರ್ಥ ಇವತ್ತು. ಮನೆ ತುಂಬ ನೆಂಟರು. ಅಡಿಗೆಯವ್ರು ಕೈ ಕಟ್ಕೊಂಡು ಕೂತವ್ರೆ."

"ನಮ್ಮಲ್ಲೂ ಇಲ್ಲ ಜಯಮ್ಮ. ನಾನು ಗುಂಪಲ್ಲಿಲ್ವಲ್ಲ, ನೀರು ಬಂದಿದ್ದು ತಿಳೀಲಿಲ್ಲ. ನಿಮಗ್ಯಾಕೆ ತಿಳೀಲಿಲ್ಲ?"

ಜಯಮ್ಮ ಕೊಡಗಳನ್ನು ಕೆಳಗಿಟ್ಟರು. "ಯಾರಿಗೂ ತಿಳೀಲಿಲ್ಲ ಕಣ್ರೀ! ನಿಮ್ಮ ಅರ್ಜಿ ಬಂದ ದಿನದಿಂದ ರಂಗಪ್ಪ ಒಂದಕ್ಷರ ಬರ್ದಿಲ್ಲ. ಚಿತ್ರಾನೂ ಹಾಕ್ತಿಲ್ಲ. ನಿನ್ನೆ ನಾನು ಹೂವು ತರೋಕೆ ಹೋಗಿದ್ದಾಗ ನೀರು ಬಿಟ್ಟು ಹೋಗವ್ನೆ. ಫೋನ್ ಮಾಡಿದ್ರೆ ಎತ್ತಲ್ಲ."

ಇಷ್ಟು ದಿನ ಬಡಾವಣೆಯವರೆಲ್ಲ ನನ್ನನ್ನು ಹೊರಗಿಟ್ಟು ತುಂಬಿದ ಸಂಪುಗಳ ಮುಂದೆ ಸುಖವಾಗಿದ್ದಾರೆ ಎಂದುಕೊಂಡಿದ್ದೆ. ನೋಡಿದರೆ ನಲವತ್ತು ಮನೆಗಳಿಗೆ ಏಕಕಾಲದಲ್ಲಿ ನೀರು ನಿಲ್ಲಿಸಿದ್ದೆ! ಭದ್ರಾ ಅಣೆಕಟ್ಟು ಬತ್ತಿದರೂ ಇಷ್ಟು ಬೇಗ ಆಗದ ಕೆಲಸ.

ಚಪ್ಪಲಿ ಮೆಟ್ಟಿಕೊಂಡು ಟ್ಯಾಂಕಿನ ಕಡೆ ಓಡಿದೆ. ರಂಗಪ್ಪ ವಾಲ್ವಿನ ಗುಂಡಿಯ ಪಕ್ಕ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ. ನನ್ನನ್ನು ಕಂಡವನೇ ತಟ್ಟನೆ ಎದ್ದು ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡ.

"ಅಮ್ಮಾ... ಅರ್ಜಿ ಮೇಲಕ್ಕೆ ಹೋಯ್ತಾ?"

"ಯಾವ ಅರ್ಜಿ?"

"ಅದೇ ತಾಯಿ, ನನ್ನ ಮೇಲೆ ಹಾಕಿದ್ರಲ್ಲ. ನೀರುಗಂಟಿಯವರ ಲೋಪದೋಷ ಅಂತ. ಆಕ್ಷೇಪಣೆ ಅಂತ." ಅವನು ಟವೆಲ್ಲನ್ನು ಮಡಿಸುತ್ತಾ ಬಿಚ್ಚುತ್ತಾ ಹೇಳಿದ. "ನಾನು ಕಾಯಂ ನೌಕರ ಅಲ್ಲ ಕಣಮ್ಮ. ಯಾವಾಗ ಬೇಕಾದ್ರೂ ಬೇಡ ಅಂದಾರು. ಅದುಕ್ಕೇ ಬರ್ಯೋದೇ ಬ್ಯಾಡ ಅಂತ ಫೋನು ಆಫ್ ಮಾಡಿ ಪೆಟ್ಟಿಗೆಗೆ ಹಾಕ್ಬಿಟ್ಟೆ. ಬರದ್ರೆ ತಾನೇ ತಪ್ಪು?"

ನಾನು ಬರೆದದ್ದು ಪ್ರಮೀಳಾಳ ಮೇಲಿನ ಕೋಪದಲ್ಲಿ. ಈ ಮನುಷ್ಯ 'ವಿಷಯ' ಎಂಬಲ್ಲಿಯೇ ತನ್ನ ಹೊಟ್ಟೆಪಾಡು ಹೋಯಿತೆಂದು ತಿಳಿದು ಇಷ್ಟು ದಿನ ಹೇಗೆ ಅನ್ನ ನುಂಗಿದ್ದನೋ!

"ಇಲ್ಲ ರಂಗಪ್ಪಣ್ಣ, ಅದು ನಿಮ್ಮ ಮೇಲಲ್ಲ. ಅದು ಎಲ್ಲಿಗೂ ಹೋಗಲ್ಲ" ಎಂದೆ.

"ಹೌದಾ ತಾಯಿ?" ಅವನು ಮತ್ತೆ ಕಲ್ಲಿನ ಮೇಲೆ ಕೂತ. ಉಸಿರು ಬಿಟ್ಟ. "ನಾಲ್ಕನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು ನಾನು. ಈ ಗುಂಪು ಬಂದ್ಮೇಲೇ ಬರ್ಯೋಕೆ ಶುರು ಮಾಡಿದ್ದು. ಒಂದೊಂದು ಅಕ್ಷರ ಹುಡುಕಿ ಒತ್ತೋಕೆ ಕಾಲು ಗಂಟೆ ಹಿಡೀತದೆ. ನಾನೂ ಬರೀತೀನಲ್ಲಾ ಅಂತ ಒಂದ್ ಖುಷಿ ಇತ್ತು. ನೀವು ತಿದ್ದಿದ್ದಕ್ಕೆ ಬೇಜಾರಿಲ್ಲ, ತಿಳಿದೋರು ತಿದ್ದಬೇಕು. ಆ ಮೋಟರ್ ದಿನ ಎಲ್ರೂ ನಕ್ರಲ್ಲ... ಆಮೇಲೆ ಕೈ ಬರ್ಲಿಲ್ಲ ಕಣಮ್ಮ."

ಇಪ್ಪತ್ತಮೂರು ನಗುವ ಮುಖಗಳು ಒಟ್ಟಿಗೆ ನನ್ನ ಕೆನ್ನೆಗೆ ಬಡಿದವು.

"ತಪ್ಪಾಯ್ತು ರಂಗಪ್ಪಣ್ಣ" ಎಂದೆ. ಎಷ್ಟು ಸುಲಭದ ಎರಡು ಪದ! ಇದನ್ನು ಹೇಳಲು ಅಜ್ಜಂಪುರಕ್ಕೆ ಹೋಗಿ ಬರಬೇಕಾಯಿತೇ?

ಆಮೇಲೆ ಜಯಮ್ಮನ ಮನೆಯ ವಿಷಯ ಹೇಳಿದೆ. ರಂಗಪ್ಪ ಮತ್ತೆ ಎದ್ದು ನಿಂತ. "ಅಯ್ಯೋ, ಕಾರ್ಯದ ಮನೆಯಾ? ನಂಗೆ ಗೊತ್ತೇ ಇಲ್ವಲ್ಲ! ಟ್ಯಾಂಕಲ್ಲಿ ಸ್ವಲ್ಪ ಐತೆ, ಒಂದರ್ಧ ಗಂಟೆ ಬಿಡ್ತೀನಿ. ಹೋಗಿ ಎಲ್ರಿಗೂ ಹೇಳಿ, ಬ್ಯಾಗ ನೀರು ಹಿಡ್ಕಳ್ಳಿ!"

ಹೇಳುವುದು ಹೇಗೆ? ಅವನ ಫೋನು ಪೆಟ್ಟಿಗೆಯಲ್ಲಿ. ನಾನು ಗುಂಪಿನಿಂದ ಹೊರಗೆ. ಪ್ರಮೀಳಾ ಡ್ಯೂಟಿಯಲ್ಲಿ. ಉಳಿದದ್ದು ನನ್ನ ಗಂಟಲು ಮಾತ್ರ.

ಓಡಿದೆ. ಐವತ್ತು ದಾಟಿದ, ದಿನವಿಡೀ ಕುರ್ಚಿಯಲ್ಲಿ ಕೂರುವ ಹೆಂಗಸು ಸೆರಗು ಸಿಕ್ಕಿಸಿಕೊಂಡು ಎರಡನೇ ಕ್ರಾಸಿನಲ್ಲಿ ಕೂಗುತ್ತಾ ಓಡಿದೆ. ಮೊದಲ ನಾಲ್ಕು ಮನೆಯವರೆಗೆ ಚೆನ್ನಾಗಿಯೇ ಕೂಗಿದೆ. ಆಮೇಲೆ ಏದುಸಿರು ಹತ್ತಿತು. ದೀರ್ಘ ಎಳೆಯಲು ಉಸಿರೇ ಉಳಿದಿರಲಿಲ್ಲ.

"ನಿರು ಬಂತು! ನಿರು ಬಂತು!"

ಯಾರೂ ತಿದ್ದಲಿಲ್ಲ! ಎಲ್ಲರಿಗೂ ಅರ್ಥವಾಯಿತು. ಬಿಂದಿಗೆ, ಬಕೆಟ್ಟು, ಡ್ರಮ್ಮು ಹಿಡಿದು ಮನೆಮನೆಯಿಂದ ಹೊರಬಂದರು. ಜಯಮ್ಮನ ನೆಂಟರು ರೇಷ್ಮೆ ಸೀರೆಯಲ್ಲೇ ಸಾಲು ನಿಂತು ಕೊಡ ಸಾಗಿಸಿದರು. ಗಂಡಿನ ಕಡೆಯವರು ಬರುವ ಹೊತ್ತಿಗೆ ಹುಳಿ ಕುದಿಯುತ್ತಿತ್ತು. ಜಯಮ್ಮ ನನ್ನನ್ನು ಊಟಕ್ಕೆ ಕೂರಿಸಿ, ಎಲೆಯ ಮುಂದೆ ನಿಂತು, "ಇನ್ನೊಂಚೂರು ಹಾಕಿಸ್ಕೊಳ್ಳಿ" ಎಂದು ಎರಡೆರಡು ಸಲ ಹೇಳಿದರು. ಕೋಪ ಪೂರ್ತಿ ಇಳಿದಿರಲಿಲ್ಲ. ಹೋಳಿಗೆ ಮಾತ್ರ ಒಂದೇ ಹಾಕಿಸಿದರು.

ಅಂದು ಸಂಜೆ ಪ್ರಮೀಳಾಳಿಗೆ ಕರೆ ಮಾಡಿ, ಗುಂಪಿಗೆ ಮತ್ತೆ ಸೇರಿಸಿಕೋ ಎಂದು ಕೇಳಿದೆ. ಅವಳು ಒಂದು ಪ್ರಶ್ನೆಯನ್ನೂ ಕೇಳದೆ, "ಅಯ್ಯೋ ಅದಕ್ಕೇನಕ್ಕ" ಎಂದು ಸೇರಿಸಿದಳು. ಕ್ಷಮಾಪಣೆ ಬರೆಯಲು ಕೂತೆ. ಚೆನ್ನಾಗಿ ಬಂತು. ಒಂದೂವರೆ ಪುಟ! ಯಜಮಾನರಿಗೆ ಓದಿ ಹೇಳಿದೆ.

ಅವರು ಕಣ್ಣು ಮುಚ್ಚಿಕೊಂಡು ಕೇಳಿ, "ಒಂಬತ್ತು" ಎಂದರು.

"ಏನು ಒಂಬತ್ತು?"

"ಒಂಬತ್ತು ಸಲ 'ಆದರೆ' ಅಂದೆ. ತಪ್ಪಾಯ್ತು ಆದರೆ, ನಿಲ್ಲಿಸ್ತೀನಿ ಆದರೆ... ಆ 'ಆದರೆ'ಗಳ್ನೆಲ್ಲ ಇಳಿಸ್ಬಿಡು, ಗಾಡಿ ಹಗುರಾಗುತ್ತೆ."

ಒಂದೊಂದೇ 'ಆದರೆ'ಯನ್ನು ಇಳಿಸಿದೆ. ಪ್ರತಿಯೊಂದರ ಹಿಂದೆ ಅದರ ಸಂಸಾರವೂ ಇಳಿದು ಹೋಯಿತು. ಕರಿಯಪ್ಪನವರೂ ಇಳಿದರು. ಕೊನೆಗೆ ಉಳಿದದ್ದು ಇಷ್ಟು:

'ಎಲ್ಲರ ಬರಹ ತಿದ್ದಿ, ನಕ್ಕು ನೋಯಿಸಿದ್ದು ನನ್ನ ತಪ್ಪು. ಇನ್ನು ಮಾಡುವುದಿಲ್ಲ. ರಂಗಪ್ಪಣ್ಣ, ದಯವಿಟ್ಟು ಬರೆಯಿರಿ.'

ಕಳಿಸಿದೆ. ದೊಡ್ಡ ಕೋಲಾಹಲ ಆಗುತ್ತದೆ ಎಂದು ಕಾದೆ. ನಾಲ್ಕು ಹೆಬ್ಬೆರಳು ಬಂದವು. ಹಲಸಿನಹಣ್ಣಿನವರು 'ಇನ್ನೂ ಎರಡು ಉಳಿದಿವೆ' ಎಂದು ಹಾಕಿದರು. ಅಷ್ಟರಲ್ಲಿ ಮುಗಿದೇ ಹೋಯಿತು! ನಾನು ಯಾವ ಮಹಾಭಾರತದಲ್ಲಿ ಹೋರಾಡುತ್ತಿದ್ದೇನೆ ಎಂದುಕೊಂಡಿದ್ದೆನೋ, ಉಳಿದವರಿಗೆ ಅದು ನಲ್ಲಿಯ ಮುಂದಿನ ಒಂದು ಸಣ್ಣ ತಕರಾರು.

ನಾಲ್ಕನೇ ದಿನಕ್ಕೆ ರಂಗಪ್ಪ ಬರೆದ: 'ಎರಡ್ನೆ ಕ್ರಸ್ ನಿರು ಬಿಟಿದಿನಿ ಬ್ಯಾಗ ಬನಿ'. ನನ್ನ ಬೆರಳುಗಳು ಸೆಳೆದವು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಲ್ಲಿಗೆ ಓಡಿದೆ. ಸಂಪು ತುಂಬಿದ ಮೇಲೆ ನೋಡಿದರೆ, ಆ ವಾಕ್ಯದಲ್ಲಿ ತಪ್ಪು ಹುಡುಕುವುದೇ ಮರೆತುಹೋಗಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಸುಧಾರಿಸಿದವಳೆಂದು ಹೇಳಿಕೊಳ್ಳಬಹುದಿತ್ತು. ತಿದ್ದುವುದನ್ನು ಬಿಟ್ಟ ಉತ್ಸಾಹ ಎಲ್ಲಾದರೂ ಹರಿಯಬೇಕಲ್ಲ? ಮೆಚ್ಚುವುದಕ್ಕೆ ಹರಿಯಿತು. ರಂಗಪ್ಪ ಒಂದು ಸಾಲು ಬರೆದರೆ ನಾನು ಐದು ಸಾಲು ಧನ್ಯವಾದ, ಹನ್ನೆರಡು ಕೈಮುಗಿಯುವ ಚಿತ್ರ. ಯಾರು ಏನು ಬರೆದರೂ 'ಬಹಳ ಸೊಗಸಾಗಿ ಬರೆದಿದ್ದೀರಿ' ಎಂದು ಪ್ರೋತ್ಸಾಹ. ಪೈಪು ಒಡೆದಿದೆ ಎಂದು ಬರೆದವರಿಗೂ!

ಕಳೆದ ವಾರ ಪ್ರಮೀಳಾಳಿಂದ ಮತ್ತೆ ಸಂದೇಶ ಬಂತು. ನನಗೊಬ್ಬಳಿಗೇ.

'ಗಿರಿಜಕ್ಕ, ಬೇಜಾರು ಮಾಡ್ಕೋಬೇಡಿ. ಧನ್ಯವಾದ ಹಾಕೋದು ನಿಲ್ಲಿಸ್ತೀರಾ? ನೀರಿನ ಮೆ‌ಸೇಜು ಅದರ ಕೆಳಗೆ ಮುಚ್ಚಿಹೋಗ್ತಿದೆ.'

ಕಿವಿ ಬಿಸಿಯಾಯಿತು. ಧನ್ಯವಾದ ಹೇಳುವುದೂ ತಪ್ಪೇ! ಆರು ಸಾಲು ಬರೆದೆ. ಅಳಿಸಿದೆ. ಮೂರು ಸಾಲು ಬರೆದೆ. ಅಳಿಸಿದೆ. ಕೊನೆಗೆ 'ಸರಿ ಕಣಮ್ಮ' ಎಂದು ಬರೆದು ಕಳಿಸಿಬಿಟ್ಟೆ. ಅವಳು ಒಂದು ಹೆಬ್ಬೆರಳು ಹಾಕಿದಳು. ಮುಗಿಯಿತು! ಜಗಳವಿಲ್ಲ, ಬಟ್ಟೆ ಚೀಲವಿಲ್ಲ, ಫೋಟೋ ತರೀಕೆರೆಗೆ ಹೋಗಲಿಲ್ಲ.

ಹೆಮ್ಮೆಯಿಂದ ಒಳಗೆ ಓಡಿದೆ. ಯಜಮಾನರು ಎರಡು ತಟ್ಟೆ ಇಟ್ಟುಕೊಂಡು ಊಟಕ್ಕೆ ಕಾಯುತ್ತಿದ್ದರು. ಪ್ರಮೀಳಾ ಏನು ಬರೆದಳು, ನನಗೆ ಮೊದಲು ಏನನ್ನಿಸಿತು, ಆರು ಸಾಲಿನಲ್ಲಿ ಏನಿತ್ತು, ಮೂರು ಸಾಲಿನಲ್ಲಿ ಏನಿತ್ತು, ನಾನು ಹೇಗೆ ಮನಸ್ಸನ್ನು ಹತೋಟಿಗೆ ತಂದುಕೊಂಡೆ, ಎರಡೇ ಪದದಲ್ಲಿ ಉತ್ತರ ಮುಗಿಸುವುದು ಎಂಥ ದೊಡ್ಡ ಗುಣ, ಅದು ಎಲ್ಲರಿಗೂ ಯಾಕೆ ಬರುವುದಿಲ್ಲ ಎಂದು ಕೂಲಂಕಷವಾಗಿ ವಿವರಿಸಿದೆ.

ಅವರು ಪೂರ್ತಿ ಕೇಳಿದರು. ಆಮೇಲೆ ತಟ್ಟೆ ಮುಟ್ಟಿ ನೋಡಿದರು.

"ನಂಗೂ ಎರಡೇ ಪದದಲ್ಲಿ ಹೇಳಿದ್ದಿದ್ರೆ ಮುದ್ದೆ ಆರ್ತಿರ್ಲಿಲ್ಲ ಕಣೇ" ಎಂದರು.

ವಾದಿಸಲು ಬಾಯಿ ತೆರೆದೆ. ತೆರೆದ ಬಾಯಿಗೆ ತಣ್ಣಗಿನ ಮುದ್ದೆಯ ತುತ್ತೊಂದನ್ನು ಇಟ್ಟುಕೊಂಡು ನುಂಗಿದೆ.